ದೇವದೂತರಿಗೆ ಅಂಗಿ ಹೊಲಿಯುವವರು

ಕಳೆದ ಭಾನುವಾರ ಮಧ್ಯಾಹ್ನ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ಟಿ.ವಿ. ಎದುರು ಕೂತಿದ್ದೆ. ಪಕ್ಕದಲ್ಲಿ ಪಿಯುಸಿ ಓದುವ ಮಗಳು. ಯಾವುದೋ ಇಂಗ್ಲಿಷ್ ಸಿನಿಮಾ, ಮಾತು ಮಾತ್ರ ಕನ್ನಡದ್ದು. ಅದರಲ್ಲೊಬ್ಬ ದೇವದೂತ. ಆರಡಿ ಆಳು, ಗಡ್ಡ ಬೋಳಿಸಿ ನಾಲ್ಕು ದಿನವಾಗಿದೆ, ಮೊಣಕಾಲಿನವರೆಗೆ ಕರಿ ಕೋಟು. ಎತ್ತರದ ಕಟ್ಟಡದ ಅಂಚಿನಲ್ಲಿ ನಿಂತು ಕೆಳಗಿನ ಊರನ್ನು ನೋಡುತ್ತಿದ್ದಾನೆ. ಮುಖ ನೋಡಿದರೆ ಈ ತಿಂಗಳ ಟಾರ್ಗೆಟ್ ಮುಟ್ಟದ ಮೆಡಿಕಲ್ ರೆಪ್ಪಿನ ಹಾಗಿದೆ. ಹಿಂದೆ ಪಿಟೀಲು ಕುಯ್ಯುತ್ತಿದೆ. ಭೂಮಿಗೆ ಏನೋ ಗಂಡಾಂತರ ಬಂದಿದೆಯಂತೆ. ಅವನು ಕಣ್ಣು ಮುಚ್ಚಿದ, ಕೋಟಿನ ಬೆನ್ನಿನಿಂದ ಬಾಗಿಲಗಲದ ಎರಡು ರೆಕ್ಕೆಗಳು ಫಟ್ಟನೆ ಬಿಚ್ಚಿಕೊಂಡವು.

"ಅಲ್ಲ, ಕೋಟು ಹರೀಲೇ ಇಲ್ಲವಲ್ಲ!" ಎಂದೆ ನಾನು.

"ಅಮ್ಮಾ, ಪ್ರಪಂಚ ಮುಳುಗಿಹೋಗ್ತಿದೆ, ನೀನು ಕೋಟು ನೋಡ್ತಿದೀಯಾ?"

"ಬೆನ್ನಲ್ಲಿ ಎರಡು ಉದ್ದುದ್ದ ಕಾಜಾ ಬಿಟ್ಟಿರಬೇಕು. ಇಲ್ಲದಿದ್ರೆ ರೆಕ್ಕೆ ಹೊರಗೆ ಬರೋದು ಹೇಗೆ? ಮಡಚಿದಾಗ ಕಾಣಬಾರದು ಅಂದ್ರೆ ಮೇಲೊಂದು ಪಟ್ಟಿ ಕೊಡಬೇಕು."

ಮಗಳು ಟಿ.ವಿ.ಯ ದನಿ ಜೋರು ಮಾಡಿದಳು. ಅವಳದೇನೂ ತಪ್ಪಿಲ್ಲ. ಈ ಪ್ರಶ್ನೆ ನನ್ನ ಸ್ವಂತದ್ದೂ ಅಲ್ಲ. ಅದನ್ನು ನನ್ನ ತಲೆಗೆ ಹಾಕಿದವಳು ಜಯತ್ತೆ.

ಜಯತ್ತೆ ಎಂದರೆ ನನ್ನ ಅಪ್ಪನ ತಂಗಿ, ಜಯಮ್ಮ. ನಾನು ಹುಟ್ಟುವ ಮೊದಲೇ ಅವಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರು. ಗಂಡ ಎನಿಸಿಕೊಂಡವನು ಮೂರೇ ವರ್ಷಕ್ಕೆ ಇನ್ನೊಬ್ಬಳನ್ನು ಮನೆಗೆ ಕರೆತಂದ. ಜಯತ್ತೆ ಜಗಳವಾಡಲಿಲ್ಲ. ಒಂದು ಟ್ರಂಕು, ಒಂದು ಹೊಲಿಗೆ ಮಿಷಿನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅರಕಲಗೂಡಿನ ನಮ್ಮ ಮನೆಗೆ ಬಂದುಬಿಟ್ಟಳು. ಹಜಾರದ ಕಿಟಕಿಯ ಕೆಳಗೆ, ಅಕ್ಕಿ ಮೂಟೆಯ ಪಕ್ಕ, ಮಿಷಿನ್ನಿಗೂ ಅವಳಿಗೂ ಸೇರಿ ಒಂದು ಚಾಪೆಯಷ್ಟು ಜಾಗ ಸಿಕ್ಕಿತು. ನನಗೆ ಬುದ್ಧಿ ತಿಳಿದಾಗಿನಿಂದ ಆ ಮಿಷಿನ್ನಿನ ಸದ್ದಿಗೇ ಎದ್ದಿದ್ದೇನೆ, ಆ ಸದ್ದಿಗೇ ಓದಿದ್ದೇನೆ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ "ಜಯ ಇದಾಳಲ್ಲ" ಎನ್ನುತ್ತಿದ್ದರು. ಲಂಗ ಹರಿದರೆ ಜಯ. ಹಸು ಕರು ಹಾಕಿದರೆ ಜಯ. ನೆಂಟರು ಬಂದರೆ ಕಾಫಿಗೂ ಜಯ. ಅಮ್ಮನಿಗೂ ಅವಳಿಗೂ ಅಷ್ಟೊಂದು ಮಾತಿರಲಿಲ್ಲ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ತಾಕದಂತೆ ಓಡಾಡುವುದನ್ನು ಕಲಿತಿದ್ದರು.

ಅತ್ತೆಗಿದ್ದ ಒಂದೇ ಚಟ ಸಿನಿಮಾ. ಊರಾಚೆ ಟೆಂಟು ಬಿದ್ದಿತ್ತು. ಸಂಜೆಯ ಮೊದಲ ಆಟಕ್ಕೆ ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವಳು, ಒಂಟಿ ಹೆಂಗಸು ಒಬ್ಬಳೇ ಹೋದಳು ಅನ್ನಿಸಿಕೊಳ್ಳಬಾರದಲ್ಲ. ದೇವರ ಸಿನಿಮಾ, ದೆವ್ವದ ಸಿನಿಮಾ ಎರಡನ್ನೂ ಬಿಡುತ್ತಿರಲಿಲ್ಲ. ಆದರೆ ಅವಳು ನೋಡುತ್ತಿದ್ದುದು ಕಥೆಯನ್ನಲ್ಲ, ಬಟ್ಟೆಯನ್ನು. ಪರದೆಯ ಮೇಲೆ ಗಂಧರ್ವನೊಬ್ಬ ಮೋಡದಿಂದ ಇಳಿದರೆ ಜನ ಕೈ ಮುಗಿಯುತ್ತಿದ್ದರು. ಅತ್ತೆ ನನ್ನ ಕಿವಿಯಲ್ಲಿ, "ಅದು ಬೆಡ್‌ಶೀಟ್ ಬಟ್ಟೆ ಕಣೆ. ಅಂಚಿಗೆ ಜರಿ ಒಡ್ಸವ್ರೆ ಅಷ್ಟೆ. ಅಂಚು ಮಡಚಿ ಎಮ್ಮಿಂಗೂ ಮಾಡಿಲ್ಲ, ನೋಡು, ದಾರ ನೇತಾಡ್ತಾ ಅದೆ" ಎನ್ನುವಳು. ನಾನು ನಗು ತಡೆಯಲಾರದೆ ಟೆಂಟಿನ ನೆಲದ ಮರಳಿನಲ್ಲಿ ಮುಖ ಹುದುಗಿಸುತ್ತಿದ್ದೆ.

ನಮ್ಮ ಸಿನಿಮಾದ ದೇವಲೋಕದವರನ್ನು ನೀವೂ ನೋಡಿರುತ್ತೀರಿ. ಯಾರೊಬ್ಬರ ಪಾದವೂ ಕಾಣುವುದಿಲ್ಲ, ಮಂಡಿಯವರೆಗೆ ಹೊಗೆ. ಅಲ್ಲಿ ನೆಲ ಇದೆಯೋ ಇಲ್ಲವೋ, ಯಾರಾದರೂ ಕಸ ಗುಡಿಸುತ್ತಾರೋ ಇಲ್ಲವೋ, ಇಷ್ಟು ವರ್ಷವಾದರೂ ತಿಳಿದಿಲ್ಲ. ಮಾತಂತೂ "ಎಲೈ ನರನೇ" ಎಂದೇ ಶುರು. ಹಾಸನ ಜಿಲ್ಲೆಯ ಕನ್ನಡ ಆಡುವ ಒಬ್ಬೇ ಒಬ್ಬ ದೇವದೂತನನ್ನು ನಾನು ಈವರೆಗೆ ಕಂಡಿಲ್ಲ. ಟೆಂಟಿನಿಂದ ವಾಪಸು ಬರುವಾಗ ಅತ್ತೆ ಆ ಕೊರತೆಯನ್ನು ತಾನೇ ತುಂಬುತ್ತಿದ್ದಳು. ರಸ್ತೆ ಮಧ್ಯೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, "ಯಾಕ್ಲಾ ಅಳ್ತೀಯ? ಏನಾಯ್ತ್ಲಾ ನಿಂಗೆ? ಎದ್ದೇಳು, ಮೂತಿ ತೊಳ್ಕೊ, ಮುದ್ದೆ ಉಣ್ಣು. ವರ ಆಮ್ಯಾಕೆ ಕೊಡ್ತೀನಿ" ಎನ್ನುವಳು. ನಿಜವಾದ ದೇವದೂತ ಬಂದರೆ ಹೀಗೇ ಮಾತಾಡುತ್ತಾನೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ.

ಇಂಗ್ಲಿಷ್ ಸಿನಿಮಾದವರದು ಬೇರೆಯೇ ಕಥೆ. ಅವರ ಸ್ವರ್ಗ ತಾಲ್ಲೂಕು ಕಚೇರಿಯ ಹಾಗೆ. ಮೇಲಿನವರು, ಕೆಳಗಿನವರು, ಆರ್ಡರು, ಸಸ್ಪೆನ್ಷನ್ನು ಎಲ್ಲ ಉಂಟು. ಮನುಷ್ಯರ ಹುಡುಗಿಯನ್ನು ಪ್ರೀತಿಸಿದರೆ ರೆಕ್ಕೆ ಕಿತ್ತುಕೊಂಡು ಕಳಿಸುತ್ತಾರೆ. ದೇವದೂತ ಇಳಿಯುವುದು ಯಾವಾಗಲೂ ದೊಡ್ಡ ಪಟ್ಟಣಕ್ಕೇ, ಅದರಲ್ಲೂ ನೋಡಲು ಲಕ್ಷಣವಾಗಿದ್ದು ಮನಸ್ಸು ಮುರಿದುಕೊಂಡವರ ಮನೆಗೇ. ಬರುವಾಗ ಬೆನ್ನ ಹಿಂದೆ ಬೆಳಕು ಬೇಕೇ ಬೇಕು. "ಅದ್ಕೇ ನಮ್ಮೂರ್ಗೆ ಬರಲ್ಲ ಕಣೆ ಅವ್ರು. ಇಲ್ಲಿ ಕರೆಂಟೇ ಇರಲ್ವಲ್ಲ" ಎನ್ನುತ್ತಿದ್ದಳು ಅತ್ತೆ.

ನಾನೀಗ ಚನ್ನರಾಯಪಟ್ಟಣದಲ್ಲಿದ್ದೇನೆ, ಬಾಗೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಮ್ಮೆ ಮಕ್ಕಳನ್ನು ದೊಡ್ಡಗದ್ದವಳ್ಳಿಯ ಗುಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಕಾಳಿಯ ಗುಡಿಯ ಬಾಗಿಲಲ್ಲಿ ಎರಡು ಬೇತಾಳಗಳು ನಿಂತಿವೆ, ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲು. ಮಕ್ಕಳಿಗೆ ಲಕ್ಷ್ಮೀದೇವಿಗಿಂತ ಅವೇ ಹಿಡಿಸಿದವು. ಒಬ್ಬಳು ಹುಡುಗಿ ಕೇಳಿದಳು: "ಮಿಸ್, ದೆವ್ವ ಹಿಂಗಿದ್ರೆ ಏಂಜಲ್ ಎಲ್ಲಿ?" ನಮ್ಮ ಕಡೆಯ ಶಿಲ್ಪಿಗಳು ಹಾರುವವರಿಗೆ ರೆಕ್ಕೆ ಹಚ್ಚುವ ಗೋಜಿಗೆ ಹೋಗುವುದಿಲ್ಲ, ಮಂಡಿ ಸ್ವಲ್ಪ ಮಡಚಿ ಕೈಗೊಂದು ಹಾರ ಕೊಟ್ಟರೆ ಹಾರಿದರು ಅಂತಲೇ ಅರ್ಥ ಎಂದೆ. ಅಂಗಳದಲ್ಲಿ ನಲವತ್ತು ಮಕ್ಕಳೂ ಮಂಡಿ ಮಡಚಿ ಕುಪ್ಪಳಿಸತೊಡಗಿದರು. ಅತ್ತೆ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಏನು ನೋಡಿದರೂ ನನಗೆ ಹಾಗೇ ಆಗುತ್ತದೆ, ಅವಳಿಗೆ ಹೇಳುವವರೆಗೆ ನೋಡಿದ್ದು ಮುಗಿಯುವುದಿಲ್ಲ.

ಎಲ್ಲಿಂದೆಲ್ಲಿಗೋ ಬಂದೆ. ಹೇಳಹೊರಟಿದ್ದು ನಾನೇ ದೇವದೂತೆಯಾದ ಕಥೆ.

ಆಗ ನನಗೆ ಹತ್ತು ವರ್ಷ. ಹಾಸನದಲ್ಲಿ ಶಾಲಾ ಮಕ್ಕಳ ನಾಟಕ ಸ್ಪರ್ಧೆ. ನಮ್ಮ ಮೇಷ್ಟ್ರು ತಾವೇ ಒಂದು ನಾಟಕ ಬರೆದಿದ್ದರು. ಅದರಲ್ಲೊಬ್ಬ ಬಡ ಸೌದೆ ಒಡೆಯುವವನು, ಅವನ ಮುಂದೆ ಕೊನೆಯಲ್ಲಿ ಪ್ರತ್ಯಕ್ಷಳಾಗುವ ದೇವದೂತೆ ನಾನು. ಇದ್ದದ್ದು ಒಂದೇ ಮಾತು: "ಭಯಪಡಬೇಡ. ನಾನು ಬಂದಿದ್ದೇನೆ." ಆ ಒಂದು ಮಾತನ್ನು ನಾನು ಹದಿನೈದು ದಿನ ಕಂಠಪಾಠ ಮಾಡಿದೆ. ಕೊಟ್ಟಿಗೆಯ ಹಸುವಿಗೆ ಹೇಳಿದೆ, ನೀರು ಸೇದಲು ಹೋಗಿ ಬಾವಿಗೆ ಹೇಳಿದೆ.

ರೆಕ್ಕೆಯ ಜವಾಬ್ದಾರಿ ಅತ್ತೆಯದು. ಮುರಿದ ಎರಡು ಕೊಡೆಗಳ ಕಡ್ಡಿ ಬಾಗಿಸಿ ಕಟ್ಟು ಮಾಡಿದಳು. ಅದರ ಮೇಲೆ ಅಪ್ಪನ ಹಳೆಯ ಪಂಚೆ ಬಿಗಿದಳು. ಕೋಳಿ ಫಾರಮ್ಮಿನಿಂದ ಎರಡು ಚೀಲ ಬಿಳಿ ಪುಕ್ಕ ತಂದು, ಸೀಗೆಪುಡಿ ಹಾಕಿ ತೊಳೆದು, ಚಾಪೆಯ ಮೇಲೆ ಒಣಹಾಕಿದಳು. ಒಂದು ಗಾಳಿ ಬೀಸಿತು ನೋಡಿ, ಅರ್ಧಕ್ಕರ್ಧ ಪುಕ್ಕ ಬೀದಿಯ ಪಾಲಾಯಿತು. ಎದುರು ಮನೆಯ ಸಾರಿನ ಪಾತ್ರೆಯಲ್ಲೂ ನಾಲ್ಕು ಸಿಕ್ಕವಂತೆ. ಉಳಿದದ್ದನ್ನು ಒಂದೊಂದಾಗಿ ಹೊಲಿದಳು. ಬೆರಳೆಲ್ಲ ಸೂಜಿ ಚುಚ್ಚಿ ಕೆಂಪಾಗಿತ್ತು. ಆದರೆ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ರೆಕ್ಕೆಯನ್ನು ಅಂಗಿಗೇ ಸೇರಿಸಿ ಹೊಲಿದಿದ್ದಳು, ಅದರ ಭಾರಕ್ಕೆ ಅಂಗಿಯ ಬೆನ್ನಿನ ಗುಂಡಿ ನಿಲ್ಲದೆ ಕಿತ್ತುಬಂತು. ಹಾಗಾಗಿ ನಾಟಕದ ದಿನ ಬೆಳಿಗ್ಗೆ ಹಾಸನದಲ್ಲಿ ಅಂಗಿ ತೊಡಿಸಿದ ಮೇಲೆ, ಅದರ ಬೆನ್ನಿನ ಸೀಳನ್ನು ಮುಚ್ಚಿ ಹೊಲಿದುಬಿಟ್ಟಳು.

ನಾಟಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಂಗದ ಬಾಗಿಲು ಕಿರಿದಾಗಿತ್ತು, ದೇವದೂತೆ ಏಡಿಯ ಹಾಗೆ ಅಡ್ಡಡ್ಡ ನಡೆದು ಪ್ರತ್ಯಕ್ಷಳಾದಳು. ಸೌದೆ ಒಡೆಯುವವನು ಮಂಡಿಯೂರಿ ಕೈ ಮುಗಿದ. ಅಷ್ಟರಲ್ಲಿ ಒಂದು ಪುಕ್ಕ ನನ್ನ ಮೂಗಿಗೆ ಹೊಕ್ಕಿತು. ಮೂರು ಸಲ ಸೀನಿದೆ. ಮೂರನೆಯ ಸೀನಿಗೆ ಮಾತು ಪೂರ್ತಿ ಮರೆತುಹೋಯಿತು. ಹದಿನೈದು ದಿನ ಹಸುವಿಗೂ ಬಾವಿಗೂ ಹೇಳಿದ್ದ ಮಾತು! ಸುಮ್ಮನೆ ನಿಂತೆ. ಜನ ನಕ್ಕರು, ಮೇಷ್ಟ್ರು ಪರದೆ ಎಳೆಸಿದರು.

ಬಂದಿದ್ದ ವ್ಯಾನಿನಲ್ಲಿ ವಾಪಸು ಹೋಗಲು ರೆಕ್ಕೆಗೆ ಜಾಗವಿರಲಿಲ್ಲ. ಬಿಚ್ಚೋಣವೆಂದರೆ ಕತ್ತರಿ ಯಾರೋ ತೆಗೆದುಕೊಂಡು ಹೋಗಿದ್ದರು. ಹಲ್ಲಿನಲ್ಲಿ ಕಿತ್ತರೆ ಅಂಗಿ ಹರಿಯುತ್ತದೆ ಎಂದು ಅತ್ತೆಗೆ ಸಂಕಟ. "ಇಂಗೇ ಬಸ್ಸಲ್ಲಿ ಓಗುವ ಬಾ" ಎಂದಳು. ಸಂಜೆ ನಾಲ್ಕರ ಹೊತ್ತಿಗೆ ಅರಕಲಗೂಡಿನ ಬಸ್ಸು ಹತ್ತಿದೆವು. ಡ್ರೈವರು ತಿರುಗಿ ನೋಡಿ, "ರೆಕ್ಕೆ ಇದ್ಮ್ಯಾಲೆ ಆರ್ಕೊಂಡೋಗದಲ್ವೇನವ್ವ?" ಎಂದ. ಬಸ್ಸೆಲ್ಲ ನಕ್ಕಿತು. ನಾನು ಕೂರುವ ಹಾಗಿರಲಿಲ್ಲ, ಒರಗುವ ಹಾಗೂ ಇರಲಿಲ್ಲ. ನಡುವಿನ ಓಡಾಡುವ ಜಾಗದಲ್ಲಿ ಕಂಬಿ ಹಿಡಿದು, ಅಳು ನುಂಗಿಕೊಂಡು ನಿಂತೆ. ಯಾವ ಸಿನಿಮಾದವರೂ ದೇವದೂತನನ್ನು ಬಸ್ಸು ಹತ್ತಿಸದಿರುವುದು ಯಾಕೆಂದು ನನಗೆ ಅವತ್ತೇ ತಿಳಿದುಹೋಯಿತು.

ನಾನು ನಿಂತ ಕಡೆ, ಪಕ್ಕದ ಸೀಟಿನಲ್ಲಿ, ಒಬ್ಬ ಅಜ್ಜಿಯನ್ನು ಉದ್ದಕ್ಕೆ ಮಲಗಿಸಿದ್ದರು. ತಲೆ ಸೊಸೆಯ ತೊಡೆಯ ಮೇಲೆ. ಮಗ ಹಿಂದೆ ನಿಂತಿದ್ದ. ಆಸ್ಪತ್ರೆಯಲ್ಲಿ ವಾರವಿದ್ದು ವಾಪಸು ಹೊರಟಿದ್ದರು. "ವಯಸ್ಸಾಗದೆ, ಮನೆಗೇ ಕರ್ಕೊಂಡೋಗಿ ಅಂದವ್ರೆ. ಎಲ್ಡು ದಿನ ಆಯ್ತು, ತೊಟ್ಟು ನೀರೂ ಇಳೀತಿಲ್ಲ" ಎಂದು ಸೊಸೆ ಜಯತ್ತೆಗೆ ಹೇಳಿದಳು. ಮಲ್ಲಿಪಟ್ಟಣದವರು. ಅಜ್ಜಿಯ ಹೆಸರು ಕೆಂಚಮ್ಮ.

ಬಸ್ಸು ಒಂದು ತಿರುವಿನಲ್ಲಿ ಹೊರಳಿತು. ಇಳಿಬಿಸಿಲು ಕಿಟಕಿಯಿಂದ ನೇರವಾಗಿ ನನ್ನ ಬೆನ್ನಿಗೆ ಬಿತ್ತು. ಅದೇ ಗಳಿಗೆಗೆ ಅಜ್ಜಿ ಕಣ್ಣು ಬಿಟ್ಟಳು. ಅವಳ ಕಣ್ಣಿಗೆ ಕಂಡದ್ದು ಬೆಳಕಿನ ನಡುವೆ, ಬಿಳಿ ಅಂಗಿಯಲ್ಲಿ, ಎರಡು ರೆಕ್ಕೆ ಹೊತ್ತು ನಿಂತ ನಾನು.

"ಬಂದ್ಯಾ?" ಎಂದಳು ಅಜ್ಜಿ, ಬಹಳ ಮೆಲ್ಲಗೆ. "ನನ್ನ ಕರ್ಕೊಂಡೋಗಕ್ಕೆ ಬಂದ್ಯಾ ಮಗ?"

ಅಷ್ಟರಲ್ಲಿ, ರಂಗದ ಮೇಲೆ ಕೈಕೊಟ್ಟಿದ್ದ ಮಾತು ತಾನಾಗಿಯೇ ಬಾಯಿಂದ ಬಂದುಬಿಟ್ಟಿತು: "ಭಯಪಡಬೇಡ. ನಾನು ಬಂದಿದ್ದೇನೆ."

ಸೊಸೆ ಕಿಟಾರನೆ ಕಿರುಚಿದಳು. ಡ್ರೈವರು ಬ್ರೇಕು ಒತ್ತಿದ. ಮಗ "ಯಾರಮ್ಮ ಈ ಮಗು, ಅಪಶಕುನದ ಮಾತಾಡ್ತದೆ!" ಎಂದು ಮುಂದೆ ಬಂದ. ನಾನು ಗಡಗಡ ನಡುಗುತ್ತಿದ್ದೆ, ಪುಕ್ಕ ಉದುರುತ್ತಿತ್ತು. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಅಜ್ಜಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಳು.

"ಇಲ್ಲ ಕಣಜ್ಜಿ. ನಿನ್ನ ಕರ್ಕೊಂಡೋಗಕ್ಕಲ್ಲ. ಇವ್ಳು ನಮ್ಮಣ್ಣನ ಮಗ್ಳು. ಅರ್ಕಲಗೂಡ್ಗೆ ಅರ್ಧ ಟಿಕೆಟ್ ತಗಂಡವ್ಳೆ, ನೋಡು" ಎಂದು ಟಿಕೆಟ್ಟನ್ನು ಅವಳ ಕಣ್ಣಿನ ಮುಂದೆ ಹಿಡಿದಳು.

ಅಜ್ಜಿ ಟಿಕೆಟ್ಟನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಅಂಗಾದ್ರೆ ಇವತ್ತಲ್ವಾ?"

"ಇವತ್ತಲ್ಲ."

"ಮತ್ಯಾವತ್ತು?"

ಅತ್ತೆ ನನ್ನ ರೆಕ್ಕೆಯ ಕಡೆ ಕಣ್ಣು ಹಾಯಿಸಿದಳು. ಆಮೇಲೆ, ಗಿರಾಕಿಗಳಿಗೆ ಹೇಳುವ ಅದೇ ದನಿಯಲ್ಲಿ ಹೇಳಿದಳು: "ಆ ರೆಕ್ಕೆ ನಾನೇ ಒಲ್ದಿರದು ಕಣಜ್ಜಿ. ಒಲಿಗೆ ಸರ್ಯಾಗಿ ಕೂತಿಲ್ಲ, ಬಿಚ್ಚಿ ಒಲೀಬೇಕು. ಇನ್ನೂ ತಡ ಆಯ್ತದೆ. ಅಬ್ಬ ಅರಿದಿನ ಎಲ್ಲ ಕಳೀಲಿ, ನೋಡುವ."

ಅಜ್ಜಿಯ ಗಂಟಲಿನಿಂದ ಗೊರಗೊರ ಸದ್ದು ಬಂತು. ಸೊಸೆ ಹೆದರಿ ಬಗ್ಗಿದಳು. ಅಜ್ಜಿ ನಗುತ್ತಿದ್ದಳು. "ಈ ಒಲಿಯೋರೆಲ್ಲ ಇಂಗೇ ಯೋಳದು" ಎಂದಳು. ಆಮೇಲೆ "ನೀರು ಕೊಡು" ಎಂದಳು. ಅತ್ತೆಯೇ ನಮ್ಮ ಬಾಟಲಿಯಿಂದ ಮುಚ್ಚಳಕ್ಕೆ ಸುರಿದು ಕುಡಿಸಿದಳು. ಒಂದು ಮುಚ್ಚಳ, ಇನ್ನೊಂದು ಮುಚ್ಚಳ, ಮತ್ತೊಂದು. ಅರಕಲಗೂಡಿನಲ್ಲಿ ಮಲ್ಲಿಪಟ್ಟಣದ ಬಸ್ಸಿಗೆ ಅವಳನ್ನು ಎತ್ತಿ ಕೂರಿಸುವವರೆಗೂ ಅತ್ತೆ ಅವಳ ಕೈ ಬಿಡಲಿಲ್ಲ.

ಮನೆಗೆ ಬಂದು ನನ್ನ ಬೆನ್ನಿನ ಹೊಲಿಗೆ ಬಿಚ್ಚುವಾಗ ಅತ್ತೆ ಒಂದೊಂದೇ ದಾರ ಎಳೆದು ಬೆರಳಿಗೆ ಸುತ್ತಿಕೊಂಡಳು. ಕೊನೆಗೆ, "ಆವಮ್ಮ 'ಬಂದ್ಯಾ' ಅಂದ್ಳಲ್ಲ, ಕೇಳಿಸ್ಕಂಡ್ಯಾ?" ಎಂದಳು. "ಎದ್ರಿಕೆ ಇರ್ಲಿಲ್ಲ ಕಣೆ ಆ ದನೀಲಿ. ಆಸೆ ಇತ್ತು. ಯಾರಾದ್ರೂ ಬಂದು 'ನಡಿ' ಅನ್ಲಿ ಅಂತ ಎಲ್ರಿಗೂ ಇರ್ತದೇನೋ." ನನಗೆ ಅದೇನೂ ಅರ್ಥವಾಗಲಿಲ್ಲ. ಬೆನ್ನು ಹಗುರವಾದದ್ದಷ್ಟೇ ಗೊತ್ತಾಯಿತು.

ಮೂರು ತಿಂಗಳು ಕಳೆದಿರಬೇಕು. ಒಂದು ಸಂತೆಯ ದಿನ ನಮ್ಮ ಜಗಲಿಯ ಮೇಲೆ ಒಬ್ಬ ಅಜ್ಜಿ ಬಂದು ಕೂತಳು. ಕಂಕುಳಲ್ಲಿ ಹುರುಳಿಯ ಗಂಟು, ಕೈಯಲ್ಲಿ ಊರುಗೋಲು, ಬಾಯಲ್ಲಿ ಎಲೆಯಡಿಕೆ. "ರೆಕ್ಕೆ ಮಗ ಎಲ್ಲೋ?" ಎಂದಾಗಲೇ ನಮಗೆ ಗುರುತು ಸಿಕ್ಕಿದ್ದು. ಕೆಂಚಜ್ಜಿ! ದೇವಲೋಕದವರು ಬಂದಿದ್ದರು, ಅರಕಲಗೂಡಿನ ಒಬ್ಬ ಟೈಲರು ಅವರನ್ನು ಗದರಿಸಿ ವಾಪಸು ಕಳಿಸಿದಳು ಎಂದು ಅವಳು ಆಗಲೇ ಮಲ್ಲಿಪಟ್ಟಣಕ್ಕೆಲ್ಲ ಸಾರಿಬಿಟ್ಟಿದ್ದಳು. ಬಂದದ್ದು ಎರಡು ಜಾಕೀಟು, ಅಂದರೆ ರವಿಕೆ, ಹೊಲಿಸಲು. ಅಳತೆ ಕೊಡುತ್ತಾ ಹಜಾರದ ಕಡೆ ನೋಡಿದಳು. ಅಕ್ಕಿ ಮೂಟೆ, ಕಿಟಕಿ, ಮಿಷಿನ್ನು, ಚಾಪೆ, ಒಂದೊಂದನ್ನೂ ನೋಡಿದಳು.

"ಇಲ್ಲೇ ಮಲಗದಾ ನೀನು?"

"ಊಂ."

"ಎಷ್ಟು ವರ್ಸ ಆಯ್ತು?"

ಅತ್ತೆ ಟೇಪು ಸುತ್ತಿದಳು.

"ನಮ್ಮೂರಲ್ಲಿ ಒಂದು ಜಾಕೀಟು ಒಲಿಯೋರಿಲ್ಲ ಕಣವ್ವ" ಎಂದಳು ಅಜ್ಜಿ. "ಬಸ್‌ಸ್ಟ್ಯಾಂಡ್ ಮುಂದ್ಕೇ ನಮ್ಮ ಕೋಣೆ ಸುಮ್ನೆ ಬಿದ್ದದೆ. ಮಿಷಿನ್ನು ಎತ್ಕಂಡು ಬಂದ್ಬುಡು. ನಡಿ."

ಅಪ್ಪ ಒಳಗಿನಿಂದ ಬಂದ. ಅವನಿಗೆ ಸಿಟ್ಟು ಬಂದಿತ್ತು, ಆದರೆ ವಯಸ್ಸಾದವಳ ಮುಂದೆ ತೋರಿಸಲಾರ. "ಅಲ್ಲ ಕಣಮ್ಮ, ಗಂಡ ಬಿಟ್ಟೋಳು ಒಬ್ಳೇ ಬೇರೆ ಊರಲ್ಲಿದ್ರೆ ಜನ ಏನಂತಾರೆ?"

"ಏನಂತಾರೆ? ತೋಳು ವಸಿ ಬಿಗಿ ಆಯ್ತು, ಬಿಚ್ಚಿ ಒಲ್ಕೊಡು ಅಂತಾರೆ. ಇನ್ನೇನಂತಾರೆ?" ಎಂದಳು ಕೆಂಚಜ್ಜಿ. "ನಾನು ಸತ್ತು ಬದುಕ್ದೋಳು ಕಣಪ್ಪ. ನನ್ನ ಮನೆ ಬಾಗ್ಲಲ್ಲಿ ಇರೋಳ ಬಗ್ಗೆ ಯಾರು ಮಾತಾಡ್ತಾರೋ ನೋಡೇ ಬುಡ್ತೀನಿ."

ಅಪ್ಪ ಒಪ್ಪಲಿಲ್ಲ. ಮನೆಯಲ್ಲಿ ಒಂದು ವಾರ ಮಾತು ಬಿಗಿಯಾಗಿತ್ತು. ಅತ್ತೆ ಹೋಗುತ್ತೇನೆ ಅನ್ನಲಿಲ್ಲ, ಹೋಗುವುದಿಲ್ಲ ಅಂತಲೂ ಅನ್ನಲಿಲ್ಲ. ಮಿಷಿನ್ನು ತುಳಿಯುತ್ತಾ ತುಳಿಯುತ್ತಾ ನಿಲ್ಲಿಸಿ ಕಿಟಕಿಯಾಚೆ ನೋಡುವಳು. ಕೊನೆಗೆ ಅಪ್ಪ ಹೇಗೋ ಬಗ್ಗಿದ. ಮುಂದಿನ ಸೋಮವಾರ ಬೆಳಿಗ್ಗೆ ಟ್ರಂಕೂ ಮಿಷಿನ್ನೂ ಮಲ್ಲಿಪಟ್ಟಣದ ಬಸ್ಸಿನ ಮೇಲೇರಿದವು. ಅತ್ತೆ ಕಿಟಕಿ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಅಮ್ಮನ ಪಕ್ಕ ನಿಂತು ನಗುನಗುತ್ತಾ ಕೈಬೀಸಿದೆ. ಬಸ್ಸು ಹೋಯಿತು.

ಅಂತೂ ರೆಕ್ಕೆ ಇದ್ದ ನಾನು ಅಜ್ಜಿಯನ್ನು ಕರೆದುಕೊಂಡು ಹೋಗಲಿಲ್ಲ, ಬೊಚ್ಚುಬಾಯಿಯ ಆ ಅಜ್ಜಿ ಬಂದು ನನ್ನ ಅತ್ತೆಯನ್ನು ಕರೆದುಕೊಂಡು ಹೋದಳು.

ಮಿಷಿನ್ನು ಇದ್ದ ಕಡೆ ಕೆಂಪು ಗಾರೆಯ ಮೇಲೆ ಅದರ ಕಾಲಿನ ನಾಲ್ಕು ಗುರುತು ಉಳಿದವು. ಬೆಳಿಗ್ಗೆ ಎಚ್ಚರವಾದರೆ ಮನೆ ಕಿವುಡಾದ ಹಾಗೆ. ಅಮ್ಮ ಒಂದೆರಡು ಸಲ ನನ್ನನ್ನು ಟೆಂಟಿಗೆ ಕರೆದುಕೊಂಡು ಹೋದಳು, ಪಾಪ, ದೇವರು ಪ್ರತ್ಯಕ್ಷನಾಗುವ ಮುಂಚೆಯೇ ಅವಳಿಗೆ ನಿದ್ದೆ. ನಾನು ಪಕ್ಕಕ್ಕೆ ತಿರುಗಿ "ಜರಿ ನೋಡು" ಎನ್ನಲು ಬಾಯಿ ತೆರೆದು ಸುಮ್ಮನಾಗುತ್ತಿದ್ದೆ. ಅತ್ತೆಗೆ ಕಾಗದ ಬರೆಯುವ ಅಭ್ಯಾಸವಿರಲಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಕಂಡಕ್ಟರ ಕೈಯಲ್ಲಿ ನನಗೊಂದು ಅಂಗಿ ಬರುತ್ತಿತ್ತು. ಯಾವಾಗಲೂ ಎರಡು ಬೆರಳು ದೊಡ್ಡದು. ಕಣ್ಣಿಗೆ ಕಾಣದೆ ನಾನು ಎಷ್ಟು ಬೆಳೆದಿರಬಹುದು ಎಂದು ಅಂದಾಜು ಮಾಡಿ ಹೊಲಿಯುತ್ತಿದ್ದಳು, ಅವಳ ಅಂದಾಜಿನಲ್ಲಿ ನಾನು ಬಹಳ ಬೇಗ ಬೆಳೆಯುತ್ತಿದ್ದೆ. ಅಮ್ಮ ಒಳಗೆ ಮಡಚಿ ಹೊಲಿಗೆ ಹಾಕಲು ಹೋದರೆ ನಾನು ಬಿಡುತ್ತಿರಲಿಲ್ಲ. ಜೋಲುವ ತೋಳಿನಲ್ಲೇ ಶಾಲೆಗೆ ಹೋಗುತ್ತಿದ್ದೆ. ಆ ಅಂಗಿಯಷ್ಟು ಬೆಳೆದುಬಿಟ್ಟರೆ ಅತ್ತೆ ಬಂದಾಳು ಎಂಬ ಯಾವುದೋ ಲೆಕ್ಕ ನನ್ನೊಳಗೆ ಇತ್ತು.

ಅತ್ತೆ ಬರುತ್ತಿದ್ದಳು, ಹಬ್ಬಕ್ಕೆ, ಎರಡು ದಿನಕ್ಕೆ. ನೆಂಟಳ ಹಾಗೆ. ಮುಖ ತುಂಬಿಕೊಂಡಿತ್ತು. ಕೆಂಚಜ್ಜಿ ಮತ್ತೆ ಹತ್ತು ಹನ್ನೆರಡು ಸುಗ್ಗಿ ಕಂಡಳು. ಕೊನೆಯ ದಿನಗಳಲ್ಲಿ ಸೊಸೆಯ ಕೈಯಲ್ಲಿ ಗಂಜಿ ಕುಡಿಯದೆ ಜಯತ್ತೆಯ ಕೈಯಲ್ಲೇ ಕುಡಿಯುತ್ತಿದ್ದಳಂತೆ. ಈಗ ಮಲ್ಲಿಪಟ್ಟಣದಲ್ಲಿ ಅತ್ತೆಗೆ ಸ್ವಂತದ್ದೊಂದು ಎರಡು ಕೋಣೆಯ ಮನೆ ಇದೆ, ಮೂರು ಮಿಷಿನ್ನುಗಳಿವೆ. ಆ ಸುತ್ತಿನಲ್ಲಿ ಜಾಕೀಟು ಹೊಲಿಯಲು ಬಲ್ಲ ಹುಡುಗಿಯರೆಲ್ಲ ಅವಳಿಂದಲೇ ಕಲಿತವರು. ವಯಸ್ಸು ಎಪ್ಪತ್ತರ ಹತ್ತಿರ. ಚನ್ನರಾಯಪಟ್ಟಣಕ್ಕೆ ಬಾ, ನನ್ನ ಜೊತೆ ಇರು ಎಂದು ವರ್ಷಕ್ಕೊಮ್ಮೆಯಾದರೂ ಕರೆಯುತ್ತೇನೆ. "ಬತ್ತೀನಿ ಬತ್ತೀನಿ, ಕೈಲಿರೋ ಬಟ್ಟೆ ಮುಗೀಲಿ" ಎನ್ನುತ್ತಾಳೆ. ಟೈಲರುಗಳ ಮಾತು ನಿಮಗೆ ಗೊತ್ತಲ್ಲ.

ಹೋದ ತಿಂಗಳು ಒಬ್ಬಳೇ ಹೋಗಿದ್ದೆ. ಮಧ್ಯಾಹ್ನ. ಹೊರಗಿನ ಕೋಣೆಯಲ್ಲಿ ಇಬ್ಬರು ಹುಡುಗಿಯರು ಮಿಷಿನ್ನು ತುಳಿಯುತ್ತಿದ್ದರು. ಒಳಗೆ ಅತ್ತೆ ಮಂಚದ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದಳು. ಕಾಲು ನೋವು, ಹುಣಸೆಹಣ್ಣು, ನನ್ನ ಮಗಳ ಮಾರ್ಕ್ಸು ಎಲ್ಲ ಮಾತಾಡಿದೆವು. ಇದ್ದಕ್ಕಿದ್ದ ಹಾಗೆ, ತಲೆ ಎತ್ತದೆಯೇ ಅಂದಳು:

"ನಾನು ಈ ಊರ್ಗೆ ಬರೋ ದಿನ ಬಸ್ಸಲ್ಲಿ ಕೂತು ನಿನ್ನೇ ನೋಡ್ತಿದ್ದೆ ಕಣವ್ವ. ನಿನ್ನ ಕಣ್ಣಲ್ಲಿ ಒಂದು ತೊಟ್ಟು ನೀರು ಬಂದಿದ್ರೂ ಇಳ್ದುಬುಡ್ತಿದ್ದೆ. ಮಿಷಿನ್ನು ಕೆಳಗಿಳ್ಸಿ ಅಂತ ಕೂಗ್ಬುಡ್ತಿದ್ದೆ. ನೀನು ನಗ್ತಾ ನಿಂತಿದ್ದೆ. ಮಗೀಗೆ ನಾನು ಅಷ್ಟೇನೂ ಬ್ಯಾಕಾಗಿಲ್ಲ ಅಂದ್ಕಂಡೆ. ವಸಿ ನೋವಾಯ್ತು. ಆದ್ರೆ ಅದ್ರಿಂದ್ಲೇ ಓಗಕ್ಕಾಯ್ತು, ನೋಡು."

ನಾನು ಮಂಚದ ಮೇಲೆ ಚೆಲ್ಲಿದ್ದ ಗುಂಡಿಗಳನ್ನು ಒಂದೊಂದಾಗಿ ಆರಿಸತೊಡಗಿದೆ.

ಅತ್ತೆ ಮಲ್ಲಿಪಟ್ಟಣದ ಬಸ್ಸು ಹತ್ತಿದ ದಿನದ ಹಿಂದಿನ ಸಂಜೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಜಡೆ ಹಾಕಿದ್ದಳು. ಹಾಕುತ್ತಾ ಹಾಕುತ್ತಾ ಕಿವಿಯ ಹತ್ತಿರ ಬಗ್ಗಿ ಹೇಳಿದ್ದಳು: "ನಿಮ್ಮಪ್ಪನ್ನ ಒಪ್ಪಿಸಿದೀನಿ. ಇನ್ನು ಉಳಿದಿರೋದು ನೀನೇ. ನಾಳೆ ಅವಳ ಮುಂದೆ ನೀನು ಅಳಬಾರ್ದು. ನೀನು ಅತ್ತರೆ ಅವಳು ಓಗಲ್ಲ. ಈ ಮೂಲೇಲೇ ಸವೆದು ಸತ್ತೋಯ್ತಾಳೆ. ಗೊತ್ತಾಯ್ತಾ?" ನಾನು ಗೊತ್ತಾಯ್ತು ಎಂದಿದ್ದೆ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಬಚ್ಚಲಿನ ಹಂಡೆಯ ಹಿಂದೆ ಕೂತು, ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಇದ್ದದ್ದನ್ನೆಲ್ಲ ಅತ್ತು ಮುಗಿಸಿದ್ದೆ. ತಣ್ಣೀರಿನಲ್ಲಿ ಮುಖ ತೊಳೆದು, ಕಣ್ಣಿನ ಕೆಂಪು ಹೋಗುವವರೆಗೆ ಕಾದು, ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ತಿರುವು ದಾಟಿದ ಮೇಲೆ ಅಳಲು ಕೂತದ್ದು ಅಮ್ಮ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ನಾನೆಂದೂ ಕಾಣದ ಹಾಗೆ ಅತ್ತಳು. ಅಮ್ಮ ಈಗಿಲ್ಲ. ಈ ಸಂಗತಿ ಗೊತ್ತಿರುವುದು ನನಗೊಬ್ಬಳಿಗೇ.

"ನಿಜ ಯೋಳು" ಎಂದಳು ಅತ್ತೆ. "ಒಂಚೂರೂ ಅಳು ಬರ್ಲಿಲ್ವಾ ನಿಂಗೆ?"

ಹೊರಗಿನ ಕೋಣೆಯಲ್ಲಿ ಒಬ್ಬ ಹುಡುಗಿ ಏನೋ ತಪ್ಪು ಮಾಡಿ ಕಿಸಕ್ಕನೆ ನಕ್ಕಳು, ಇನ್ನೊಬ್ಬಳೂ ನಕ್ಕಳು. ಅತ್ತೆಯ ಮುಖ ಆ ಕಡೆ ತಿರುಗಿ ಅರಳಿತು.

"ಇಲ್ಲ ಅತ್ತೆ" ಎಂದೆ. "ಹತ್ತು ವರ್ಷದೋಳು, ನಂಗೇನು ಗೊತ್ತಾಗ್ತಿತ್ತು."

"ಅಂಗಾರೆ ಸರಿ" ಎಂದಳು. ಆಮೇಲೆ ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದಳು. "ತಗೊ, ಪೋಣಿಸ್ಕೊಡು. ನನ್ನ ಕಣ್ಣಿಗೆ ಕಾಣಲ್ಲ."

ನಾನು ಎದ್ದು ಬಾಗಿಲ ಬೆಳಕಿಗೆ ಹೋಗಿ, ಅವಳಿಗೆ ಬೆನ್ನು ಮಾಡಿ ನಿಂತೆ. ಪೋಣಿಸಲು ಬಹಳ ಹೊತ್ತು ಹಿಡಿಯಿತು.